ಅಪ್‌ಡೇಟ್: ಥೆಸಲೋನಿಕಿಯ ಸಂತ ದಿಮಿತ್ರಿಯೋಸ್ ಚರ್ಚ್ ನೋಡಿ ಬಂದೆ

ಗ್ರೀಸ್‌ನ ಈ ಆರ್ಥೊಡಾಕ್ಸ್ ಚರ್ಚ್‌ನಲ್ಲಿ ಏನೇನು ನೋಡಬೇಕು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ನೆಲಮಾಳಿಗೆ ಬಿಡಬೇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್! ಅಲ್ಲಿರುವುದು ರೋಮನ್ ಕಾಲದ ಸ್ನಾನಗೃಹದ ಅವಶೇಷ. ನಾಲ್ಕನೇ ಶತಮಾನದ ಶುರುವಿನಲ್ಲಿ, ನಂಬಿಕೆಗಾಗಿ ದಿಮಿತ್ರಿಯೋಸ್ ಪ್ರಾಣ ಕೊಟ್ಟ ಜಾಗ ಇದೇ ಅನ್ನುತ್ತಾರೆ. ಮಣ್ಣು ತುಂಬಿ ಮರೆತೇ ಹೋಗಿದ್ದ ಇದು ಮತ್ತೆ ಸಿಕ್ಕಿದ್ದು 1917ರ ಬೆಂಕಿಯ ನಂತರ. ಆ ಬೆಂಕಿಯಲ್ಲಿ ಚರ್ಚ್ ಬಹುತೇಕ ಸುಟ್ಟುಹೋಗಿತ್ತು. ಈಗಿನ ಕಟ್ಟಡದಲ್ಲಿ ಜಾಸ್ತಿ ಭಾಗ ಆಮೇಲೆ ಕಟ್ಟಿದ್ದು.

ಆದರೂ ಕೆಲವು ಮೊಸಾಯಿಕ್ ಚಿತ್ರಗಳು ಉಳಿದಿವೆ. ಒಂದರಲ್ಲಿ ಬಿಷಪ್ ಮತ್ತು ಅಧಿಕಾರಿಯ ನಡುವೆ ಸಂತ ನಿಂತಿದ್ದಾನೆ. ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು, ಬಣ್ಣ ಇನ್ನೂ ಹೊಳೆಯುತ್ತದೆ! ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ.

ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಅಕ್ಟೋಬರ್ 26 ಸಂತನ ಹಬ್ಬ, ಆಗ ಜನ ಜಾಸ್ತಿ.