ಮೂಲ ಅಂಕಪಟ್ಟಿ ಕೊಡುವ ಮುನ್ನ ನಾಲ್ಕು ಮಾತು

ಅಕ್ಕಾ, ನಿನ್ನೆ ರಾತ್ರಿ ನೀನು ಮನೆಯ ಗುಂಪಿನಲ್ಲಿ ಹಾಕಿದ್ದನ್ನು ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಓದಿದೆ. ಮಗಳು ಬಿ.ಎಸ್ಸಿ. ನರ್ಸಿಂಗ್ ಅಂತಿಮ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ ಎಂಬ ಸಾಲನ್ನು ಎರಡು ಸಲ ಓದಿ ಸಂತೋಷಪಟ್ಟೆ. ಅದರ ಕೆಳಗಿನದನ್ನು ಓದಿದ ಮೇಲೆ ಮಾತ್ರ ಮಲಗಿದರೂ ನಿದ್ದೆ ಬರಲಿಲ್ಲ. ಒಂದು ಖಾಸಗಿ ನರ್ಸಿಂಗ್ ಹೋಂನವರು ಸೋಮವಾರವೇ ಬಂದು ಸೇರಲು ಹೇಳಿದ್ದಾರೆ, ತಿಂಗಳಿಗೆ 11,000 ರೂಪಾಯಿ ಸಂಬಳ, 2 ವರ್ಷ ಕೆಲಸ ಬಿಡುವುದಿಲ್ಲವೆಂಬ ಬಾಂಡ್, ಜೊತೆಗೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಮೂಲ ಅಂಕಪಟ್ಟಿಗಳನ್ನೂ ಅವರ ಬಳಿ ಇಡಬೇಕು ಎಂದು ಬರೆದಿದ್ದೀಯ. ಊರಿಗೆ ಹತ್ತಿರವಿದೆ, ಸೇರಿಕೊಳ್ಳಲಿ ಎಂದು ಭಾವನವರು ಹೇಳಿದ್ದಾರೆ. ಮೂರು ಲಕ್ಷ ಕೊಟ್ಟರೆ ಗಲ್ಫಿಗೆ ಕಳಿಸುವ ಏಜೆಂಟ್ ಒಬ್ಬರಿದ್ದಾರೆ ಎಂದು ದೊಡ್ಡ ಮಾವ ಬರೆದಿದ್ದಾರೆ. ಧ್ವನಿ ಸಂದೇಶ ಕಳಿಸಿದರೆ ಬೇಕಾದಾಗ ಹುಡುಕಿ ಕೇಳುವುದು ಕಷ್ಟವೆಂದು, ಹೇಳಬೇಕೆಂದಿದ್ದುದನ್ನೆಲ್ಲ ಬರೆದೇ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ, ಆದರೂ ಭಾವನವರಿಗೆ ಪೂರ್ತಿ ಓದಿ ಹೇಳು.

ಮೊದಲನೆಯದಾಗಿ, ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಡಬೇಡಿ. ತೋರಿಸಿ, ಅವರ ಎದುರಿಗೇ ಜೆರಾಕ್ಸ್ ಪ್ರತಿಗಳ ಜೊತೆ ತಾಳೆ ನೋಡಲು ಬಿಡಿ, ಮತ್ತೆ ಅದೇ ಕವರಿಗೆ ಹಾಕಿಕೊಂಡು ಮನೆಗೆ ತನ್ನಿ. ಇದನ್ನು ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ನಿನಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಡಿಪ್ಲೊಮಾ ಮುಗಿಸಿದ ವರ್ಷ ನಾನು ಸೇರಿದ ಸಣ್ಣ ಆಸ್ಪತ್ರೆಯವರೂ ಹೀಗೆಯೇ ಕೇಳಿದ್ದರು, ನಾನು ಮರುಮಾತಿಲ್ಲದೆ ಕೊಟ್ಟೆ. ಎಂಟು ತಿಂಗಳ ನಂತರ ಸರ್ಕಾರಿ ಹುದ್ದೆಯ ದಾಖಲೆ ಪರಿಶೀಲನೆಗೆ ನನಗೆ ಪತ್ರ ಬಂತು. ಮೂರು ತಿಂಗಳ ಸಂಬಳವನ್ನು ದಂಡವಾಗಿ ಕಟ್ಟಿದರೆ ಮಾತ್ರ ಅಂಕಪಟ್ಟಿ ಕೊಡುತ್ತೇವೆ ಎಂದರು. ಅಪ್ಪ ಜಗಳೂರಿನಿಂದ ಎರಡು ಸಲ ಬಸ್ಸಿನಲ್ಲಿ ಬಂದು, ಆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಟವಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದರು. ಒಳಗೆ ಕರೆಯಲೇ ಇಲ್ಲ. ಪರಿಶೀಲನೆಯ ದಿನ ಕಳೆದುಹೋಯಿತು, ಮುಂದಿನ ಅವಕಾಶಕ್ಕೆ ನಾನು ಹಲವು ವರ್ಷ ಕಾದೆ. ಆ ಬೆಂಚಿನ ಮೇಲೆ ಭಾವನವರು ಕೂರುವುದು ನನಗೆ ಬೇಡ.

ಬಾಂಡ್ ಪದ್ಧತಿ ಬೇಡವೆಂದು ಭಾರತೀಯ ಶುಶ್ರೂಷಾ ಪರಿಷತ್ತೇ ಹೇಳಿದೆ. ಆದರೂ ಹಲವು ಕಡೆ ಬರೆಸಿಕೊಳ್ಳುತ್ತಾರೆ, ಏಕೆಂದರೆ ಹೊಸದಾಗಿ ಪಾಸಾದ ಹುಡುಗಿಗೆ ಎದುರು ಮಾತಾಡುವ ಧೈರ್ಯ ಇರುವುದಿಲ್ಲ. ಸಂಬಳದ ವಿಷಯದಲ್ಲಿಯೂ ಅಷ್ಟೇ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಕಡೆ ಸರ್ಕಾರಿ ನರ್ಸಿನ ಸಂಬಳಕ್ಕೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಅದು ಶಿಫಾರಸಾಗಿಯೇ ಉಳಿದಿರುವುದರಿಂದ ನಮ್ಮ ಕಡೆಯ ಎಷ್ಟೋ ಆಸ್ಪತ್ರೆಗಳು ಈಗಲೂ ಅದರ ಅರ್ಧ ಕೊಡುತ್ತವೆ. 11,000 ಎಂದರೆ ಎಷ್ಟು ಕಡಿಮೆ ಎಂಬುದು ಮಗಳಿಗೆ ತಿಳಿದಿರಲಿ ಎಂದು ಇದನ್ನು ಬರೆದೆ.

ಆದರೂ ಮಗಳೇ, ಮೊದಲ ಕೆಲಸವನ್ನು ಸಂಬಳ ನೋಡಿಯೂ ಒಪ್ಪಬೇಡ, ಊರಿಗೆ ಹತ್ತಿರವೆಂದೂ ಒಪ್ಪಬೇಡ. ನಿನಗೆ ಯಾರು ಕಲಿಸುತ್ತಾರೆ ಎಂಬುದನ್ನು ನೋಡಿ ಒಪ್ಪು. ನಾನು ಹೇಳಿದ ಆ ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ 28 ರೋಗಿಗಳಿಗೆ ನಾನೊಬ್ಬಳೇ ಇರುತ್ತಿದ್ದೆ, ಜೊತೆಗೆ ಒಬ್ಬ ಆಯಾ. ಹದಿನಾಲ್ಕು ತಿಂಗಳು ದುಡಿದ ಮೇಲೂ ಮಾನಿಟರಿನ ಮೇಲೆ ಓಡುವ ಗೆರೆಯನ್ನು ನೋಡಿ ಏನನ್ನೂ ಹೇಳಲು ಬರುತ್ತಿರಲಿಲ್ಲ. ಅಲ್ಲಿಂದ ಬಿಟ್ಟು ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಯ ಮೆಡಿಕಲ್ ವಾರ್ಡಿಗೆ ಸೇರಿದ ಎರಡನೇ ವಾರದಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳು.

ರಾತ್ರಿ ಊಟಕ್ಕೆ ಮುಂಚೆ ಒಬ್ಬ ಅಜ್ಜಿಗೆ 10 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ನಾನು ಟ್ರೇಯಿಂದ ಸಿರಿಂಜ್ ತೆಗೆದುಕೊಂಡು 10ರ ಗೆರೆಯವರೆಗೆ ಔಷಧ ಎಳೆದು ಹಾಸಿಗೆಯ ಬಳಿಗೆ ಹೊರಟಿದ್ದೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹಿಂದಿನಿಂದ ಬಂದು ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದರು. 'ಬಾಟಲಿಯ ಮೇಲೆ ಏನು ಬರೆದಿದೆ ಓದಮ್ಮ, ಈಗ ಸಿರಿಂಜಿನ ಮೇಲೆ ಏನು ಬರೆದಿದೆ ಓದು' ಎಂದರು. ಬಾಟಲಿಯ ಮೇಲೆ 40 ಎಂದಿತ್ತು, ಅಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್. ನನ್ನ ಕೈಯಲ್ಲಿದ್ದುದು 100ರ ಬಾಟಲಿಗೆ ಬಳಸುವ, ಕಿತ್ತಳೆ ಮುಚ್ಚಳದ 100ರ ಸಿರಿಂಜ್. ಕೆಂಪು ಮುಚ್ಚಳದ 40ರ ಸಿರಿಂಜ್ ಪಕ್ಕದಲ್ಲೇ ಇತ್ತು. ನಾನು ಹಾಗೆಯೇ ಚುಚ್ಚಿದ್ದರೆ ಅಜ್ಜಿಗೆ 10ರ ಬದಲು 4 ಯೂನಿಟ್ ಮಾತ್ರ ಹೋಗುತ್ತಿತ್ತು. ಇದಕ್ಕೆ ತಿರುಗಾಮುರುಗಾ, 100ರ ಬಾಟಲಿಯ ಔಷಧವನ್ನು 40ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದಿದ್ದರೆ 25 ಯೂನಿಟ್ ಹೋಗಿ, ರಾತ್ರಿ ಮಲಗಿದಲ್ಲೇ ಸಕ್ಕರೆ ಇಳಿದು ಅಜ್ಜಿ ಬೆಳಿಗ್ಗೆ ಏಳದೇ ಇರಬಹುದಿತ್ತು. ಆ ಸಿಸ್ಟರ್ ರೋಗಿಯ ಎದುರು ಒಂದು ಮಾತೂ ಬೈಯಲಿಲ್ಲ. ಆದರೆ ಮುಂದಿನ ಒಂದು ತಿಂಗಳು ನಾನು ಎಳೆದ ಪ್ರತಿಯೊಂದು ಸಿರಿಂಜನ್ನೂ ತಾವು ನೋಡದೆ ಬಿಡಲಿಲ್ಲ. ಇಂದು ನನ್ನ ವಾರ್ಡಿಗೆ ಬರುವ ಹೊಸ ಹುಡುಗಿಯರ ಮಣಿಕಟ್ಟನ್ನು ನಾನೂ ಹಾಗೆಯೇ ಹಿಡಿಯುತ್ತೇನೆ. ಕಾಲೇಜಿನಲ್ಲಿ ಇದನ್ನು ನಿನಗೂ ಬರೆಸಿರುತ್ತಾರೆ, ಪರೀಕ್ಷೆಯಲ್ಲಿ ನೀನೂ ಬರೆದಿರುತ್ತೀಯ. ಕೈಗೆ ಬರುವುದು ಮಾತ್ರ ಇಂಥವರೊಬ್ಬರು ಪಕ್ಕದಲ್ಲಿ ನಿಂತಾಗಲೇ.

ಆದ್ದರಿಂದ ಸಂದರ್ಶನಕ್ಕೆ ಹೋದಾಗ ನೀನೂ ಪ್ರಶ್ನೆ ಕೇಳು. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು, ಹೊಸಬರ ಜೊತೆ ಹಿರಿಯರು ಎಷ್ಟು ವಾರ ಇರುತ್ತಾರೆ, ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಯನ್ನು ಒಬ್ಬ ನರ್ಸೇ ನೋಡಿಕೊಳ್ಳುತ್ತಾರೋ ಅಥವಾ ಮೂರು ನಾಲ್ಕು ರೋಗಿಗಳನ್ನು ಒಬ್ಬರ ತಲೆಗೆ ಕಟ್ಟುತ್ತಾರೋ ಎಂದು ವಿಚಾರಿಸು. ಸಂಬಳ ಬ್ಯಾಂಕಿಗೆ ಬರುತ್ತದೆಯೋ ಕೈಗೆ ಕೊಡುತ್ತಾರೋ, ಪಿ.ಎಫ್. ಮತ್ತು ಇ.ಎಸ್.ಐ. ಇದೆಯೋ, ನೇಮಕಾತಿ ಪತ್ರ ಕೊಡುತ್ತಾರೋ ಎಂಬುದನ್ನೂ ಕೇಳು. ಕೆಲಸ ಬಿಡುವಾಗ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯನ್ನು ನಮೂದಿಸಿದ ಅನುಭವ ಪತ್ರ ಬೇಕೇ ಬೇಕು, ಮುಂದೆ ಅದನ್ನು ಕೇಳುವ ಕಡೆಗಳಿವೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯೇ ಎಂದು ನಿನ್ನ ಕಾರ್ಡ್ ತೆಗೆದು ನೋಡು. ರೋಗಿಗೆ ಬಳಸಿದ ಸೂಜಿ ನಿನ್ನ ಕೈಗೆ ಚುಚ್ಚಿದರೆ ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ಕೂಡಲೇ ಮೇಲಿನವರಿಗೆ ಹೇಳಬೇಕು, ಎಚ್.ಐ.ವಿ. ತಡೆಯುವ ಮಾತ್ರೆ ಬೇಕಾದರೆ ಸಾಧ್ಯವಾದಷ್ಟು ಬೇಗ, 72 ಗಂಟೆ ಮೀರದಂತೆ ಶುರು ಮಾಡಬೇಕು. ಇದಕ್ಕೆ ಆ ಆಸ್ಪತ್ರೆಯಲ್ಲಿ ಏನು ವ್ಯವಸ್ಥೆ ಇದೆ ಎಂದು ಕೇಳಿದಾಗ ಉತ್ತರ ಕೊಡಲು ತಡವರಿಸಿದರೆ ಅಲ್ಲಿಗೆ ಸೇರಬೇಡ.

ಇನ್ನೊಂದು ಮುಖ್ಯ ಸಂಗತಿಯನ್ನು ನೀವು ಯಾರೂ ಬರೆದಿಲ್ಲ. ಅವಳ ನೋಂದಣಿ ಆಗಿದೆಯೇ? ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆ ಪಾಸಾದ ಮಾತ್ರಕ್ಕೆ ಕೆಲಸ ಮಾಡುವಂತಿಲ್ಲ. ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ಹೆಸರು ನೋಂದಾಯಿಸಿಕೊಂಡು ಸಂಖ್ಯೆ ಪಡೆದ ಮೇಲೆಯೇ ಅವಳು ನರ್ಸ್. ನೋಂದಣಿಯನ್ನು ಕೇಳದೆಯೇ ಸೋಮವಾರ ಬಂದು ಸೇರು ಎನ್ನುವ ಜಾಗದಲ್ಲಿ ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಹೊಣೆ ಇವಳ ಮೇಲೆ ಬರುತ್ತದೆ. ಈ ವಾರ ಕಾಲೇಜಿಗೆ ಹೋಗಿ ಕೋರ್ಸ್ ಮುಗಿಸಿದ ಪ್ರಮಾಣಪತ್ರ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರದ ಕೆಲಸ ಮುಗಿಸಿಕೊಳ್ಳಲಿ, ಮಿಕ್ಕಿದ್ದೆಲ್ಲ ಆಮೇಲೆ.

ನೋಂದಣಿ ಕೈಗೆ ಬಂದ ಮೇಲೆ ದಾವಣಗೆರೆಯ ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ, ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಂಥ ಕಡೆ ಅರ್ಜಿ ಕೊಡಲಿ. ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ಎಲ್ಲ ಬಗೆಯ ರೋಗಿಗಳೂ ಬರುತ್ತಾರೆ, ವೈದ್ಯರು ರೌಂಡ್ಸ್‌ನಲ್ಲಿ ವಿದ್ಯಾರ್ಥಿಗಳಿಗೆ ಹೇಳುವುದು ನಮ್ಮ ಕಿವಿಗೂ ಬೀಳುತ್ತದೆ. ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಹುಡುಗರ ಜೊತೆ ನಿಂತು ಕೇಳಿಸಿಕೊಂಡು ನಾನು ಕಲಿತದ್ದು ಸ್ವಲ್ಪವಲ್ಲ. ಕೆಲಸ ಮಾಡುತ್ತಲೇ ನರ್ಸಿಂಗ್ ಆಫೀಸರ್ ಹುದ್ದೆಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೂ ದಿನಕ್ಕೆ ಎರಡು ಗಂಟೆ ಓದಲಿ. ಜಿ.ಎನ್.ಎಂ., ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿದವರಿಗೆ ಅದಕ್ಕೆ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು, ಬಿ.ಎಸ್ಸಿ. ಮಾಡಿದ ಇವಳು ನೋಂದಣಿ ಆದ ಕೂಡಲೇ ಬರೆಯಬಹುದು. ಆ ಹುದ್ದೆಯ ಆರಂಭದ ಮೂಲ ವೇತನವೇ 44,900 ರೂಪಾಯಿ. ನಮ್ಮ ರಾಜ್ಯದ ಶುಶ್ರೂಷಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25ರಷ್ಟು ಮೀಸಲಾತಿ ಇರುತ್ತದೆ. ಹತ್ತನೇ ತರಗತಿಯವರೆಗೆ ಅವಳು ಹಳ್ಳಿಯ ಶಾಲೆಯಲ್ಲೇ ಓದಿದವಳು, ಆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಕೊನೆಯ ದಿನಾಂಕ ಹತ್ತಿರ ಬಂದಾಗ ಕಚೇರಿಗಳಲ್ಲಿ ಎಷ್ಟು ನೂಕುನುಗ್ಗಲು ಇರುತ್ತದೆ ಎಂಬುದು ನಮಗೆಲ್ಲ ಗೊತ್ತೇ ಇದೆ.

ದೊಡ್ಡ ಮಾವನವರಿಗೆ ನನ್ನ ನಮಸ್ಕಾರ. ವಿದೇಶಕ್ಕೆ ಹೋಗುವುದು ತಪ್ಪಲ್ಲ, ನನ್ನ ಜೊತೆ ಓದಿದವರು ಹೋಗಿ ಮನೆ ಕಟ್ಟಿಸಿದ್ದಾರೆ. ಆದರೆ ಆ ಏಜೆಂಟ್ ವಿದೇಶಾಂಗ ಸಚಿವಾಲಯದ ನೋಂದಾಯಿತ ಏಜೆಂಟರ ಇ-ಮೈಗ್ರೇಟ್ ಪಟ್ಟಿಯಲ್ಲಿದ್ದಾರೆಯೇ ಎಂದು ದಯವಿಟ್ಟು ಮೊದಲು ನೋಡಿ. ಪಟ್ಟಿಯಲ್ಲಿರುವ ಏಜೆಂಟರೂ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಮೂರು ಲಕ್ಷ ಎಂದಾಗಲೇ ಅನುಮಾನ ಬರಬೇಕು. ಗಲ್ಫಿನಲ್ಲಿ ಕೆಲಸ ಸಿಗಬೇಕಾದರೆ ಅಲ್ಲಿನ ಪರವಾನಗಿ ಪರೀಕ್ಷೆ ಪಾಸಾಗಬೇಕು, ಸಾಮಾನ್ಯವಾಗಿ ಎರಡು ವರ್ಷದ ಅನುಭವವನ್ನೂ ಕೇಳುತ್ತಾರೆ. ಆ ಎರಡು ವರ್ಷವನ್ನು ಇಲ್ಲಿ ಒಳ್ಳೆಯ ವಾರ್ಡಿನಲ್ಲಿ ಕಳೆಯಲಿ, ಆಮೇಲೆ ಅವಳೇ ನಿರ್ಧರಿಸಲಿ.

ಭಾವನವರೇ, ರಾತ್ರಿ ಪಾಳಿಯ ಕೆಲಸವೆಂದರೆ ಗಂಡಿನ ಕಡೆಯವರು ಏನೆನ್ನುತ್ತಾರೋ ಎಂದು ನೀವು ಬರೆದಿರುವುದನ್ನೂ ಓದಿದೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಕಳೆದ ವರ್ಷ ನಿಮ್ಮ ತಾಯಿಯವರಿಗೆ ಉಸಿರು ಕಟ್ಟಿದ ರಾತ್ರಿ ಮೂರು ಗಂಟೆಗೆ ಅವರ ತಲೆದಿಂಬಿನ ಬಳಿ ನಿಂತಿದ್ದವಳೂ ಯಾರದೋ ಮನೆಯ ಇಪ್ಪತ್ತಮೂರು ವರ್ಷದ ಮಗಳೇ. ಅವಳ ಕೈ ಮುಗಿದು ಬಂದೆನೆಂದು ನೀವೇ ನನಗೆ ಹೇಳಿದ್ದಿರಿ.

ತಮ್ಮನ ಮಗಳು ಪಿಯುಸಿ ಮುಗಿಸಿ ತಾನೂ ನರ್ಸಿಂಗ್ ಸೇರುತ್ತೇನೆ ಎಂದು ಕೇಳಿದ್ದಾಳೆ. ಅವಳಿಗೂ ಇಲ್ಲೇ ಹೇಳಿಬಿಡುತ್ತೇನೆ. ಬಿ.ಎಸ್ಸಿ. ನರ್ಸಿಂಗಿನ ಸರ್ಕಾರಿ ಕೋಟಾದ ಸೀಟುಗಳನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಅಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ, ಅರ್ಜಿ ತುಂಬುವಾಗ ಎರಡನ್ನೂ ಬಿಡಬೇಡ. ಕಾಲೇಜು ನೋಡುವಾಗ ಕಟ್ಟಡ ನೋಡಬೇಡ, ಅದಕ್ಕೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇದೆಯೇ, ಅಲ್ಲಿ ರೋಗಿಗಳು ನಿಜವಾಗಿ ಇದ್ದಾರೆಯೇ ಎಂದು ಒಂದು ದಿನ ಹೋಗಿ ನೋಡು. ಕ್ಲಾಸಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು ಎಂದು ಯಾರಾದರೂ ಹೇಳಿದರೆ ಆ ಕಡೆ ತಲೆ ಹಾಕಬೇಡ. ನಿಯಮದ ಪ್ರಕಾರ ತರಗತಿಗೆ ಶೇ. 80 ಹಾಜರಾತಿ ಬೇಕು, ಪದವಿ ಸಿಗುವ ಮುನ್ನ ವಾರ್ಡಿನ ಕೆಲಸದ ಗಂಟೆಗಳು ಶೇ. 100 ತುಂಬಿರಬೇಕು. ಮೊದಲ ವರ್ಷ ಇಂಗ್ಲಿಷ್ ಪದಗಳಿಗೆ ಹೆದರಿ ಅಳುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ದಿನಕ್ಕೆ ಹತ್ತು ಪದಗಳನ್ನು ಕನ್ನಡದ ಅರ್ಥದೊಂದಿಗೆ ಬರೆದುಕೊಂಡವರು ಎರಡನೇ ವರ್ಷದ ಹೊತ್ತಿಗೆ ಸುಧಾರಿಸಿಕೊಂಡಿರುತ್ತಾರೆ.

ಅಕ್ಕಾ, ಸೋಮವಾರ ಬರಲಾಗುವುದಿಲ್ಲ, ನೋಂದಣಿ ಆದ ಮೇಲೆ ತಿಳಿಸುತ್ತೇನೆ ಎಂದು ಮಗಳೇ ಆ ನರ್ಸಿಂಗ್ ಹೋಂಗೆ ಫೋನ್ ಮಾಡಿ ಮರ್ಯಾದೆಯಿಂದ ಹೇಳಲಿ. ಭಾನುವಾರ ನನಗೆ ವಾರದ ರಜೆ ಇದೆ. ಬೆಳಗಿನ ಮೊದಲ ಬಸ್ಸಿಗೇ ಅವಳನ್ನು ಕರೆದುಕೊಂಡು ಬಾ. ಎಲ್ಲ ಅಂಕಪಟ್ಟಿಗಳು, ಆಧಾರ್ ಕಾರ್ಡ್, ನಾಲ್ಕು ಫೋಟೋ ಜೊತೆಗಿರಲಿ. ಜೆರಾಕ್ಸ್ ಇಲ್ಲೇ ಮಾಡಿಸೋಣ, ನೋಂದಣಿಯ ಅರ್ಜಿಯನ್ನು ನಾನೇ ಪಕ್ಕದಲ್ಲಿ ಕೂತು ತುಂಬಿಸುತ್ತೇನೆ.