ಹಾಲು ಕುಡಿಯದ ಮಗನಿಗೆ ಕ್ಯಾಲ್ಸಿಯಂ ಮಾತ್ರೆ ಕೊಡಬಹುದಾ?

ವಿರಾಜಪೇಟೆ ಅಮ್ಮ:
ಮಗನಿಗೆ ಐದೂವರೆ ವರ್ಷ. ಹಾಲಿನ ಲೋಟ ಕಂಡ್ರೆ ಓಡ್ತಾನೆ. ಬೆಳಿಗ್ಗೆ ಅಕ್ಕಿರೊಟ್ಟಿ ಇಲ್ಲಾಂದ್ರೆ ನೂಪುಟ್ಟು (ಅಕ್ಕಿ ಶಾವಿಗೆ), ಮಧ್ಯಾಹ್ನ, ರಾತ್ರಿ ಅನ್ನ. ಮಳೆ ಹಿಡಿದ ಮೇಲೆ ಬಿಸಿಲು ಕಂಡಿದ್ದೇ ಕಮ್ಮಿ. ಈಗ ರಾತ್ರಿ ಕಾಲುನೋವು ಅಂತ ಅಳ್ತಾನೆ, ಬೆಳಿಗ್ಗೆ ಎದ್ದು ಜಗಲಿ ತುಂಬ ಕುಣೀತಾನೆ. ಕ್ಯಾಲ್ಸಿಯಂ ಕಮ್ಮಿ ಆಗಿದೆ ಅಂತಾರೆ ಅತ್ತೆ. ಮೆಡಿಕಲ್‌ನಿಂದ ಮಾತ್ರೆ ತಂದುಬಿಡ್ಲಾ?

ಸೋಮವಾರಪೇಟೆ ಟೀಚರ್:
ಮಾತ್ರೆ ಆಮೇಲೆ ತಂಗಿ, ಮೊದಲು ತಟ್ಟೆ ನೋಡು. ಅಂಗನವಾಡಿಯಲ್ಲಿ ಮಕ್ಕಳ ತೂಕ ಹಾಕಿ ಹಾಕಿ ತಲೆ ಹಣ್ಣಾದವಳು ಹೇಳ್ತಿದ್ದೀನಿ. ಈ ವಯಸ್ಸಿಗೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್‌ನ 2020ರ ಲೆಕ್ಕ. ನೂರು ಗ್ರಾಂ ಅಕ್ಕಿಯಲ್ಲಿ ಇರೋದು ಹತ್ತರ ಆಸುಪಾಸು. ಮೂರು ಹೊತ್ತೂ ಅಕ್ಕಿ ತಿಂದ್ರೆ ಹೊಟ್ಟೆ ತುಂಬುತ್ತೆ, ಮೂಳೆಗೇನು ಸಿಗುತ್ತೆ? ಅದೇ ತೂಕದ ರಾಗಿಯಲ್ಲಿ ಮುನ್ನೂರಕ್ಕೂ ಮೇಲೆ. ರೊಟ್ಟಿ ಹಿಟ್ಟಿಗೆ ಕಾಲು ಭಾಗ ರಾಗಿ ಸೇರಿಸು, ಬಣ್ಣ ಸ್ವಲ್ಪ ಕಪ್ಪಾಗುತ್ತೆ ಅಷ್ಟೇ.

ರೊಟ್ಟಿ ಜೊತೆ ಎಳ್ಳು ಪಜ್ಜಿ (ಚಟ್ನಿ) ಮಾಡ್ತೀಯಲ್ಲ? ಸಿಪ್ಪೆ ತೆಗೆದ ಬಿಳಿ ಎಳ್ಳು ಬೇಡ, ಅದರಲ್ಲಿ ಕ್ಯಾಲ್ಸಿಯಂ ಬಹುಪಾಲು ಹೋಗಿರುತ್ತೆ. ಕರಿ ಎಳ್ಳನ್ನ ಸಣ್ಣ ಉರಿಯಲ್ಲಿ ಚಟಪಟ ಅನ್ನೋ ತನಕ ಹುರಿದು, ನುಣ್ಣಗೆ ಅರಿ. ಇಡೀ ಕಾಳು ನುಂಗಿದ್ರೆ ಹಾಗೇ ಹೊರಗೆ ಹೋಗುತ್ತೆ. ದೊಡ್ಡ ಚಮಚದಷ್ಟು ಎಳ್ಳಲ್ಲಿ 80-90 ಮಿಲಿಗ್ರಾಂ ಇರುತ್ತೆ, ಅಷ್ಟೂ ಮೈಗೆ ಹತ್ತಲ್ಲ ಅನ್ನೋದೂ ನಿಜ. ಮೀನು ತಿನ್ನೋ ಮನೆಯಾದ್ರೆ ಒಣ ನೆತ್ತಲಿ ನೆನೆಸಿ ಉಪ್ಪು ತೆಗೆದು, ಮುಳ್ಳು ಸಮೇತ ಪುಡಿ ಮಾಡಿ ಹಾಕು. ಕೆಸದ ಸೊಪ್ಪನ್ನ ಮಾತ್ರ ಈ ಲೆಕ್ಕಕ್ಕೆ ಹಿಡೀಬೇಡ, ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂನ ಮೈಗೆ ಸೇರದ ಹಾಗೆ ಹಿಡಿದಿಟ್ಕೊಳ್ಳುತ್ತೆ.

ಹಾಲು ಬೇಡ ಅಂದ್ರೆ ಮೊಸರು ಕೊಡು, ಕ್ಯಾಲ್ಸಿಯಂ ಮಟ್ಟಿಗೆ ಎರಡೂ ಹೆಚ್ಚುಕಮ್ಮಿ ಒಂದೇ.

ಮಡಿಕೇರಿ ನರ್ಸ್:
ಅಕ್ಕ ಹೇಳಿದ್ದು ಸರಿ. ಆದ್ರೆ ಎರಡೂ ಕಾಲು, ರಾತ್ರಿ ಮಾತ್ರ, ಬೆಳಿಗ್ಗೆ ಆಟ ಅಂದ್ರೆ ಈ ವಯಸ್ಸಲ್ಲಿ ಸಾಮಾನ್ಯ, ಅದಕ್ಕೆ ಕ್ಯಾಲ್ಸಿಯಂ ಕೊರತೆಯೇ ಕಾರಣ ಅಂತಿಲ್ಲ. ಒಂದೇ ಕಾಲು, ಊತ, ಜ್ವರ, ಕುಂಟೋದು ಕಂಡ್ರೆ ಕಾಯಬೇಡಿ. ನನಗೆ ವಿಟಮಿನ್ ಡಿ ಮೇಲೇ ಅನುಮಾನ. ಅದಿಲ್ದೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರಲ್ಲ, ಅದು ಹೆಚ್ಚಾಗಿ ಬಿಸಿಲಿಂದ ಸಿಗೋದು, ನಮ್ಮ ಮಳೆಗಾಲದಲ್ಲಿ ಬಿಸಿಲೆಲ್ಲಿ? ಮಕ್ಕಳ ಡಾಕ್ಟರ್‌ಗೆ ತೋರಿಸಿ, ಬೇಕಿದ್ರೆ ಡ್ರಾಪ್ಸ್ ಅವರೇ ಬರೀತಾರೆ. ಪ್ರಮಾಣ ಮೀರಿದ್ರೆ ಅಪಾಯ, ಅಂದಾಜಲ್ಲಿ ಹಾಕಬೇಡಿ.

ವಿರಾಜಪೇಟೆ ಅಮ್ಮ:
ನೋವು ಎರಡೂ ಕಾಲಲ್ಲಿ, ಊತ ಇಲ್ಲ. ಆದ್ರೂ ಡಾಕ್ಟರ್‌ಗೆ ತೋರಿಸ್ತೀನಿ. ಮೊಸರಿಗೆ ಬೆಲ್ಲ ಹಾಕಿದ್ರೆ ಬಟ್ಟಲು ನೆಕ್ಕೋ ತನಕ ತಿಂತಾನೆ ಟೀಚರ್. ಪಜ್ಜಿಗೆ ಹಸಿಮೆಣಸು ಹಾಕದೆ ಅವನಿಗೆ ಬೇರೆ ಅರೀಬೇಕು ಅಷ್ಟೇ.