ಆಗುಂಬೆ ಘಾಟಿ ಹತ್ತುವಾಗ ಗಾಡಿ ಎಳೀತಾನೇ ಇಲ್ಲ, ಗ್ಯಾರೇಜಿನವರು ಏನೂ ಇಲ್ಲ ಅಂತಾರೆ

ದಾವಣಗೆರೆ_ಡೀಸೆಲ್
ಎಲ್ರಿಗೂ ನಮಸ್ಕಾರ. ತಲಿ ಕೆಟ್ಟು ಹೋಗೇತಿ, ಯಾರಾದ್ರೂ ದಾರಿ ತೋರಿಸ್ರಿ. ಉಡುಪಿ, ಮಲ್ಪೆ ಮುಗಿಸ್ಕೊಂಡು ವಾಪಸ್ ಬರೋವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಾಕ ಶುರು ಮಾಡಿದ್ವಿ. ಮೊದಲ ಮೂರ್ನಾಲ್ಕು ತಿರುವು ಸರಿ ಬಂತು. ಆಮೇಲೆ ಆಕ್ಸಿಲರೇಟರ್ ನೆಲಕ್ಕ ತಾಗೂ ತನಕ ಒತ್ತಿದ್ರೂ ಗಾಡಿಗೆ ಜೀವಾನೇ ಇಲ್ಲ. ಒಂದು ತಿರುವಿನಾಗ ನಿಂತೇ ಹೋತು. ಹಿಂದ ಮಿನಿ ಬಸ್ಸಿನವ ಹಾರ್ನ್ ಮ್ಯಾಲೆ ಹಾರ್ನ್. ನಮ್ಮ ಭಾವ ಇಳಿದು ಹಿಂದಿನ ಗಾಲಿಗೆ ಕಲ್ಲು ಇಟ್ರು. ಅಷ್ಟರಾಗ ಮಂಗ ಬಂದು ಮಂಡಕ್ಕಿ ಚೀಲ ಎತ್ಕೊಂಡು ಹೋತು, ಅದು ಬ್ಯಾರೆ ಕಥಿ.

ಆಫ್ ಮಾಡಿ ಸ್ಟಾರ್ಟ್ ಮಾಡಿದ ಮ್ಯಾಲೆ ಒಂದಷ್ಟು ದೂರ ಎಳೀತು, ಮತ್ತ ಅದೇ ರಾಗ. ಊರಿಗೆ ಬಂದು ಗ್ಯಾರೇಜಿಗೆ ಕೊಟ್ರೆ ಹದಡಿ ರೋಡಿನಾಗ ಒಂದು ರೌಂಡ್ ಹೊಡದು "ಗಾಡಿ ಬೆಣ್ಣಿ ಇದ್ದಂಗ ಐತಿ, ಏನೂ ತೊಂದ್ರಿ ಇಲ್ಲ" ಅಂತ ಚಾವಿ ಕೈಗೆ ಕೊಟ್ಟ. ಊರಾಗ ಓಡಿಸಿದ್ರೆ ನಿಜವಾಗ್ಲೂ ಏನೂ ಇಲ್ಲ. ಏನಿರಬೌದು?

ಪಿಬಿರೋಡ್_ಕಿಂಗ್
ಕ್ಲಚ್ ಪ್ಲೇಟ್. ಕಣ್ಮುಚ್ಚಿ ಹೇಳ್ತೀನಿ. ಸೆಟ್ ಪೂರ್ತಿ ಹಾಕಿಸಿ, ಬರೀ ಪ್ಲೇಟ್ ಹಾಕಿಸ್ಬೇಡಿ.

ಫಿಲ್ಟರ್_ಮಾಮ
ಡೀಸೆಲ್ ಫಿಲ್ಟರ್ ಯಾವಾಗ ಬದಲಾಯ್ಸಿದ್ರಿ? ದಾರೀಲಿ ಎಲ್ಲಿ ಹಾಕಿಸಿದ್ರಿ ಡೀಸೆಲ್? ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ಒಂದು ಬಾಟ್ಲಿಗೆ ಇಳಿಸಿ ನೋಡಿ, ತಳದಲ್ಲಿ ನೀರು ನಿಲ್ಲುತ್ತೆ.

ತುಂಗಾತೀರ
ಮಾರಾಯ್ರೆ, ಯಾವ ಗಾಡಿ, ಯಾವ ಇಸವಿ, ಎಷ್ಟು ಜನ ಇದ್ರಿ, ಯಾವ ಗೇರಲ್ಲಿ ಇದ್ರಿ, ಒಂದೂ ಹೇಳ್ಲಿಲ್ಲವಲ್ಲ. ಮಂಗ ಮಂಡಕ್ಕಿ ತಗೊಂಡು ಹೋಗಿದ್ದು ಮಾತ್ರ ಗೊತ್ತಾಯ್ತು.

ದಾವಣಗೆರೆ_ಡೀಸೆಲ್
ಹೆಸರು ನೋಡಿದ್ರೆ ಡೀಸೆಲ್ ಅಂತ ಗೊತ್ತಾಗ್ತದಲ್ರಿ. ಎಲ್ಲರ ಹತ್ರ ಇರೋ ಅದೇ 1.3 ಎಂಜಿನ್, 2013ರ ಮಾಡೆಲ್. ಫಿಲ್ಟರ್ ಹೋದ ಸರ್ವಿಸಿಗೆ ಹಾಕೇತಿ. ಎರಡನೇ ಗೇರು. ಐದು ಜನ, ಮ್ಯಾಲೆ ಲಗೇಜು. ಏಸಿ ಆನ್ ಇತ್ತು, ಮೇ ತಿಂಗಳು, ಆಫ್ ಮಾಡಿದ್ರೆ ಮನಿಯವ್ರು ಬಿಡ್ತಾರಾ?

ಹರಿಹರ_ಹಳೇಗಾಡಿ
ಘಾಟಿಯಲ್ಲಿ ಏಸಿ ಹಾಕೋದೇ ತಪ್ಪು. ನಮ್ಮ ಕಾಲದಲ್ಲಿ ಅಂಬಾಸಿಡರ್‌ನಲ್ಲಿ ಎಂಟು ಜನ ಕೂತು ಇದೇ ಆಗುಂಬೆ ಹತ್ತಿದ್ದೀವಿ. ಕಿಟಕಿ ಇಳಿಸಿದರೆ ಸಾಕು, ಆ ಕಾಡಿನ ಗಾಳಿಗಿಂತ ಏಸಿ ಬೇಕಾ?

ಪಿಬಿರೋಡ್_ಕಿಂಗ್
ಅಂಬಾಸಿಡರ್ ಘಾಟಿ ಹತ್ತುವಾಗ ಬಾನೆಟ್ಟು ಎತ್ತಿ ನೀರು ಹೊಯ್ಯೋದನ್ನೂ ಹೇಳಿ ಅಣ್ಣ.

ಹರಿಹರ_ಹಳೇಗಾಡಿ
ನೀರು ಹೊಯ್ದು ಮನೆಗಾದರೂ ಬರ್ತಿದ್ವಿ. ಗಾಲಿಗೆ ಕಲ್ಲು ಇಟ್ಕೊಂಡು ಕೂತಿರಲಿಲ್ಲ.

ತುಂಗಾತೀರ
ಏಸಿ ನಾಲ್ಕೈದು ಎಚ್‌ಪಿ ತಿನ್ನುತ್ತೆ, ಚಿಕ್ಕ ಎಂಜಿನ್ನಿಗೆ ಅದು ಗೊತ್ತಾಗುತ್ತೆ, ಒಪ್ಪಿದೆ. ಆದ್ರೆ ನಾವು ದಿನಾ ಏಸಿ ಹಾಕ್ಕೊಂಡೇ ಹತ್ತೋದು, ಗಾಡಿ ನಿಲ್ಲೋದಿಲ್ಲ. ಈ 1.3ಗೆ 2000 ಆರ್‌ಪಿಎಂ ಕೆಳಗೆ ಬಿದ್ರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೊ ಮಲಗುತ್ತೆ, ಅದು ಎಲ್ರಿಗೂ ಗೊತ್ತಿರೋ ವಿಷಯ. ಹೇರ್‌ಪಿನ್ ಬರೋ ಮೊದಲೇ ಮೊದಲ ಗೇರಿಗೆ ತರ್ಬೇಕು. ಎರಡರಲ್ಲೇ ಎಳೀತೀನಿ ಅಂತ ಕೂತ್ರೆ ತಿರುವಿನ ಒಳಗೆ ಸಾಯುತ್ತೆ. ನಿಮ್ಮದು ತಿರುವಲ್ಲಿ ಮಾತ್ರವಾ, ನೇರ ಏರಲ್ಲೂ ಎಳೀಲಿಲ್ಲವಾ?

ದಾವಣಗೆರೆ_ಡೀಸೆಲ್
ನೇರದಾಗೂ ಇಲ್ರಿ. ಮೊದಲ ಗೇರಿಗೆ ಹಾಕಿದ್ರೂ ಎಂಜಿನ್ ತಿರುಗೋ ವೇಗದ ಮುಳ್ಳು 2500ರ ಮ್ಯಾಲೆ ಏಳಲ್ಲ, ಯಾರೋ ಹಿಂದಿನಿಂದ ಹಿಡ್ಕೊಂಡಂಗ. ನಾನೇನು ನಿನ್ನೆ ಗಾಡಿ ಕಲ್ತವ ಅಲ್ಲ.

ಪಿಬಿರೋಡ್_ಕಿಂಗ್
ನೋಡಿ, ನಾನು ಹೇಳಿದ್ದೇ. ಕ್ಲಚ್ ಜಾರ್ತಿದೆ. ವಾಸನೆ ಬಂತಾ? ಸುಟ್ಟ ವಾಸನೆ?

ದಾವಣಗೆರೆ_ಡೀಸೆಲ್
ಸ್ವಲ್ಪ ಬಂದಿತ್ತು. ಕಲ್ಲು ತೆಗೆದು ಏರಿನಾಗ ಗಾಡಿ ಎತ್ತೋವಾಗ.

ಪಿಬಿರೋಡ್_ಕಿಂಗ್
ಕೇಸ್ ಮುಗೀತು. ಹನ್ನೆರಡು ಸಾವಿರ ರೆಡಿ ಮಾಡ್ಕೊಳ್ಳಿ.

ದುರ್ಗದ_ಗಾಳಿ
ಸ್ವಲ್ಪ ತಡೀರಿ. ಕ್ಲಚ್ ಜಾರಿದ್ರೆ ಮುಳ್ಳು ಮೇಲಕ್ಕೆ ಏಳುತ್ತೆ, ಸ್ಪೀಡ್ ಏಳಲ್ಲ. ಇವರು ಹೇಳ್ತಿರೋದು ಉಲ್ಟಾ, ಮುಳ್ಳೇ ಏಳ್ತಿಲ್ಲ. ಎರಡೂ ಬೇರೆ ಕಾಯಿಲೆ ಕಣ್ರಿ. ತುಂಬಿದ ಗಾಡೀನ ಏರಿನಲ್ಲಿ ಹಾಫ್ ಕ್ಲಚ್ಚಲ್ಲಿ ಎತ್ತಿದ್ರೆ ಹೊಸಾ ಕ್ಲಚ್ಚೂ ವಾಸನೆ ಬರುತ್ತೆ.

ಅನುಮಾನ ಇದ್ರೆ ದುಡ್ಡಿಲ್ದೆ ನೋಡ್ಬೋದು. ಸಮತಟ್ಟು ರೋಡಲ್ಲಿ ನಾಲ್ಕನೇ ಗೇರು, ಐವತ್ತರ ಸ್ಪೀಡು, ಒಮ್ಮೆಲೇ ಪೂರ್ತಿ ಒತ್ತಿ. ಮುಳ್ಳು ಸರ್ರಂತ ಮೇಲೆ ಹೋಗಿ ಗಾಡಿ ಅಲ್ಲೇ ಇದ್ರೆ ಕ್ಲಚ್ಚು. ಎರಡೂ ಜೊತೇಲಿ ನಿಧಾನಕ್ಕೆ ಏರಿದ್ರೆ ಕ್ಲಚ್ಚಿಗೆ ಕೈ ಹಚ್ಚಬೇಡಿ.

ಇನ್ನೊಂದು, ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗ್ತಿತ್ತು ಅಂದ್ರಲ್ಲ, ಮೀಟರಲ್ಲಿ ಎಂಜಿನ್ ಲೈಟ್ ಬಂದಿತ್ತಾ?

ದಾವಣಗೆರೆ_ಡೀಸೆಲ್
ಹಳದಿ ಲೈಟ್ ಬಂದಿತ್ತು. ಊರಿಗೆ ಬಂದು ಒಂದೆರಡು ದಿನಕ್ಕೆ ತಾನೇ ಹೋತು, ಅದಕ್ಕ ಬರೀಲಿಲ್ಲ.

ದುರ್ಗದ_ಗಾಳಿ
ಅಯ್ಯೋ ದೇವ್ರೆ! ಮೊದಲ ಸಾಲಲ್ಲೇ ಬರೀಬೇಕಾದದ್ದು ಅದು.

ಫಿಲ್ಟರ್_ಮಾಮ
ಲೈಟ್ ಡೀಸೆಲ್ ಪ್ರೆಷರ್ ಕಮ್ಮಿ ಆದ್ರೂ ಬರುತ್ತೆ. ಸರ್ವಿಸಲ್ಲಿ ಫಿಲ್ಟರ್ ಹಾಕಿದೀವಿ ಅಂತ ಬಿಲ್ ಹಾಕ್ತಾರೆ, ಒಳಗೆ ಹಳೇದೇ ಇರುತ್ತೆ. ನೀವು ಕಣ್ಣಾರೆ ನೋಡಿದ್ರಾ?

ದಾವಣಗೆರೆ_ಡೀಸೆಲ್
ನಾ ಪಕ್ಕದಾಗೇ ನಿಂತಿದ್ದೆ ಮಾಮ. ಹಳೇದು ಮನಿಯಾಗ ಐತಿ, ಬೇಕಂದ್ರ ಫೋಟೋ ಹಾಕ್ತೀನಿ.

ಹರಿಹರ_ಹಳೇಗಾಡಿ
ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತೆ, ಎಂಜಿನ್ನಿಗೆ ಉಸಿರು ಸಾಲದು. ಇದು ಶಾಲೆಯಲ್ಲೇ ಓದಿದ್ದು. ಅದಕ್ಕೆ ಇಷ್ಟೆಲ್ಲ ಚರ್ಚೆ ಯಾಕೆ?

ದುರ್ಗದ_ಗಾಳಿ
ಅಣ್ಣ, ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್. ದಾವಣಗೆರೆ 600. ಇವರ ಗಾಡಿ ವರ್ಷಪೂರ್ತಿ ಅದೇ ಗಾಳಿ ಉಸಿರಾಡ್ತಾ ಐತೆ. ಘಾಟಿ ಕೆಳಗೆ ಸೋಮೇಶ್ವರದಲ್ಲಿ ಗಾಳಿ ಇನ್ನೂ ದಪ್ಪ. ಮುಳ್ಳಯ್ಯನಗಿರಿಗೆ ಹೋದ್ರೆ ಬೇರೆ ಮಾತು, ಅಲ್ಲಿ 1900 ಮೀಟರ್ ದಾಟುತ್ತೆ, ಟರ್ಬೊ ಇಲ್ಲದ ಪೆಟ್ರೋಲ್ ಗಾಡಿ ಶಕ್ತಿಯಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಹೋಗುತ್ತೆ. ಆಗುಂಬೆಯ ತೊಂದರೆ ಎತ್ತರ ಅಲ್ಲ, ಏರು.

ಲೆಕ್ಕ ಹಾಕಿ. ಜನ, ಲಗೇಜು ಸೇರಿ ಗಾಡಿ 1450 ಕೆಜಿ ಅನ್ಕೊಳ್ಳಿ. ಹತ್ತು ಮೀಟರಿಗೆ ಒಂದು ಮೀಟರ್ ಏರೋ ರೋಡಲ್ಲಿ ಗಂಟೆಗೆ 40ರಲ್ಲಿ ಹೋಗ್ಬೇಕಂದ್ರೆ ಬರೀ ಮೇಲೆ ಎತ್ತೋದಕ್ಕೇ 20 ಎಚ್‌ಪಿ ಮೇಲೆ ಬೇಕು. ತಿರುವಿನ ಒಳಗೆ ಏರು ಇನ್ನೂ ಜಾಸ್ತಿ. ಟರ್ಬೊ ಸತ್ತ 1248 ಸಿಸಿ ಡೀಸೆಲ್ಲು 1500 ಆರ್‌ಪಿಎಂನಲ್ಲಿ ಅಷ್ಟು ಕೊಡಲ್ಲ. ಹದಡಿ ರೋಡಲ್ಲಿ ಐವತ್ತರಲ್ಲಿ ಹೋಗೋಕೆ ಏಳೆಂಟು ಎಚ್‌ಪಿ ಸಾಕು, ಅಲ್ಲಿ ಟರ್ಬೊ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನಿಮ್ಮ ಗ್ಯಾರೇಜಿನವನಿಗೆ ಗಾಡಿ ಚೆನ್ನಾಗಿ ಕಂಡಿದ್ದು ಅದಕ್ಕೇ.

ಪಿಬಿರೋಡ್_ಕಿಂಗ್
ಲೆಕ್ಕ ಎಲ್ಲಾ ಚೆನ್ನಾಗಿದೆ. ನನ್ನ ಫೋರ್ ಬೈ ಫೋರ್ ತಗೊಂಡು ಹುಲಿಕಲ್ ಘಾಟಿ ಮೂರನೇ ಗೇರಲ್ಲಿ ಹತ್ತಿಸಿದೀನಿ, ರೀಮ್ಯಾಪ್ ಮಾಡ್ಸಿದ ಮೇಲೆ. ಮುಂದೆ ಹೊಸ ಶಾಕ್ಸು, ಹಿಂದೆ ದಪ್ಪ ಲೀಫು, ಆಲ್ ಟೆರೇನ್ ಟೈರು. ಫೋಟೋ ಬೇಕಾದ್ರೆ ಹೇಳಿ.

ತುಂಗಾತೀರ
ಯಾರೂ ಕೇಳ್ಲಿಲ್ಲ ಮಾರಾಯ್ರೆ.

ಹರಿಹರ_ಹಳೇಗಾಡಿ
ಟೈರ್ ಯಾವ ಸೈಜು ಹಾಕ್ಸಿದ್ರಿ?

ಪಿಬಿರೋಡ್_ಕಿಂಗ್
ಕೇಳೋರೂ ಇದಾರೆ ನೋಡಿ. 235, 70, 16. ರೋಡ್ ಸದ್ದು ಸ್ವಲ್ಪ ಜಾಸ್ತಿ, ಮಿಕ್ಕಂತೆ ರಾಜ.

ದುರ್ಗದ_ಗಾಳಿ
ಟೈರ್ ಮುಗೀತಾ? ದಾವಣಗೆರೆಯವರೇ, ಗಾಡಿಯ ದೋಷದ ಕೋಡ್ ಓದೋ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತಗೊಳ್ಳಿ, ಇಎಲ್‌ಎಂ327 ಅಂತ ಸಿಗುತ್ತೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಫೋನಲ್ಲಿ ನೋಡೋದು. ಲೈಟ್ ಹೋದ್ರೂ ಹಳೇ ಕೋಡ್ ಒಳಗೆ ಉಳಿದಿರ್ಬೋದು. ಜೊತೆಗೆ ಎಂಜಿನ್ನಿಗೆ ಹೋಗೋ ಗಾಳಿಯ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ರೀಡಿಂಗ್ ನೋಡಿ. ಎಂಜಿನ್ ಆಫ್ ಇದ್ದು ಇಗ್ನಿಷನ್ ಆನ್ ಇದ್ದಾಗ ದಾವಣಗೆರೆಯಲ್ಲಿ 94 ಕಿಲೋಪಾಸ್ಕಲ್ ಹತ್ರ ತೋರಿಸ್ಬೇಕು, ಅದು ಬರೀ ಗಾಳಿ ಒತ್ತಡ. ಮೂರನೇ ಗೇರಲ್ಲಿ 2000ದಿಂದ ಪೂರ್ತಿ ಒತ್ತಿದ್ರೆ 200ರ ಹತ್ರ ಹೋಗ್ಬೇಕು. ನೋಡೋಕೆ ಪಕ್ಕದಲ್ಲಿ ಇನ್ನೊಬ್ರು ಕೂತ್ಕೊಳ್ಳಿ, ಓಡಿಸೋರು ಫೋನ್ ನೋಡಬೇಡಿ.

ದಾವಣಗೆರೆ_ಡೀಸೆಲ್
ಭಾವನ್ನ ಕೂಡ್ರಿಸ್ಕೊಂಡು ಬೈಪಾಸಿನಾಗ ನೋಡಿದೆ. ಕೋಡ್ ಪಿ0299 ಅಂತ ಐತಿ. ನಿಂತಾಗ 94 ಸರಿ. ಪೂರ್ತಿ ಒತ್ತಿದ್ರೆ 128ಕ್ಕ ನಿಂತು ಬಿಡ್ತದ. ನಾಲ್ಕನೇ ಗೇರಿನ ಕ್ಲಚ್ ಟೆಸ್ಟೂ ಮಾಡಿದೆ, ಜಾರಲ್ಲ.

ದುರ್ಗದ_ಗಾಳಿ
ಪಿ0299 ಅಂದ್ರೆ ಟರ್ಬೊ ಕೊಡಬೇಕಾದ ಒತ್ತಡ ಕೊಡ್ತಿಲ್ಲ ಅಂತ. ಎಂಜಿನ್ನಿನ ಕಂಪ್ಯೂಟರ್ ಇಸಿಯು ಕೇಳಿದಷ್ಟು ಗಾಳಿ ಬರ್ಲಿಲ್ಲ ಅಂದ್ರೆ ಹೊಗೆ ಆಗ್ಬಾರ್ದು, ಎಂಜಿನ್ ಉಳೀಬೇಕು ಅಂತ ಡೀಸೆಲ್ ಕಡಿಮೆ ಮಾಡುತ್ತೆ. ಲಿಂಪ್ ಮೋಡ್ ಅನ್ನೋದು ಇದನ್ನೇ. ಆಫ್ ಮಾಡಿ ಆನ್ ಮಾಡಿದ್ರೆ ಮರೆಯುತ್ತೆ, ಮತ್ತೆ ಏರು ಬಂದಾಗ ಮತ್ತೆ ಹಿಡಿಯುತ್ತೆ. ಟರ್ಬೊ ಹೋಗಿದೆ ಅಂತ ಹೆದರಬೇಡಿ, ಮೊದಲು ಪೈಪು ನೋಡಿ. ಟರ್ಬೊದಿಂದ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗೋ ರಬ್ಬರ್ ಹೋಸುಗಳು. ಮುಂದೆ ಏನಾದ್ರೂ ಕೆಲಸ ಮಾಡ್ಸಿದ್ರಾ ಇತ್ತೀಚೆಗೆ?

ದಾವಣಗೆರೆ_ಡೀಸೆಲ್
ಏಸಿ ಗ್ಯಾಸ್ ಲೀಕ್ ಅಂತ ಬಂಪರ್ ಬಿಚ್ಚಿ ಕಂಡೆನ್ಸರ್ ಹಾಕಿದ್ರು, ಟ್ರಿಪ್ಪಿಗೆ ಹೋಗೂ ಮುಂಚೆ. ಏಸಿಗೂ ಪಿಕಪ್ಪಿಗೂ ಏನ್ ಸಂಬಂಧ?

ತುಂಗಾತೀರ
ಹೌದನಾ! ಅಲ್ಲೇ ಇದೆ ನಿಮ್ಮ ಸಂಬಂಧ, ಬಂಪರ್ ಬಿಚ್ಚಿ ಕೆಲಸ ಮಾಡುವಾಗ ಹೋಸು ಅಲುಗಾಡಿರ್ಬೋದು. ಕೈ ಹಾಕಿ ಹೋಸಿನ ಕೆಳಭಾಗ ಸವರಿ ನೋಡಿ, ಮೇಲಿಂದ ಕಾಣೋದಿಲ್ಲ. ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿರೋ ಜಾಗ ಸಿಕ್ರೆ ಅದೇ. ಎಂಜಿನ್ ತಣ್ಣಗಾದ ಮೇಲೆ ನೋಡಿ ಮತ್ತೆ.

ಫಿಲ್ಟರ್_ಮಾಮ
ಹೇಗೂ ಬಾನೆಟ್ ತೆಗೀತೀರಿ, ಡೀಸೆಲ್ ಫಿಲ್ಟರೂ ಒಂದ್ಸಲ ನೋಡ್ಬಿಡಿ.

ದಾವಣಗೆರೆ_ಡೀಸೆಲ್
ಸಿಕ್ತು! ಇಂಟರ್‌ಕೂಲರ್ ಹತ್ರದ ಹೋಸು, ಕ್ಲಾಂಪಿನ ಪಕ್ಕ, ತಳದಾಗ ಹೆಬ್ಬೆರಳಿನಷ್ಟು ಉದ್ದ ಸೀಳೇತಿ. ಸುಮ್ನಿದ್ದಾಗ ತುಟಿ ಮುಚ್ಚಿದಂಗ ಇರ್ತದ, ಬೆರಳಿಂದ ಅಗಲಿಸಿದ್ರ ಮಾತ್ರ ಗೊತ್ತಾಗ್ತದ. ಸುತ್ತ ಕಪ್ಪು ಜಿಡ್ಡು. ಭಾವ ಆಕ್ಸಿಲರೇಟರ್ ಕೊಟ್ಟಾಗ ಕಿವಿ ಇಟ್ಟು ಕೇಳಿದೆ, ಸುಂಯ್ ಅಂತ ಸದ್ದು.

ಹೊಸ ಹೋಸು ಇಲ್ಲಿ ಯಾರ ಹತ್ರಾನೂ ಇಲ್ಲ, ಬೆಂಗಳೂರಿಂದ ತರಸ್ತೀವಿ ಅಂದಾರ. ಅಲ್ಲೀ ತನಕ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ, ಎರಡೂ ಕಡಿ ಕ್ಲಾಂಪ್ ಹೊಡದೀನಿ. ಈಗ ಬೈಪಾಸಿನಾಗ 190 ತೋರಸ್ತದ. ಗಾಡಿ ಹಾರ್ತದ ಅನ್ರಿ!

ಪಿಬಿರೋಡ್_ಕಿಂಗ್
ಒಳ್ಳೇದಾಯ್ತು. ಆದ್ರೂ 2013ರ ಗಾಡಿ, ಕ್ಲಚ್ ಒಂದ್ಸಲ ಇಳಿಸಿ ನೋಡಿಸ್ಬಿಡಿ, ನನ್ನ ಮಾತು ಕೇಳಿ.

ದುರ್ಗದ_ಗಾಳಿ
ಸೈಕಲ್ ಟ್ಯೂಬ್ ನಂಬ್ಕೊಂಡು ಘಾಟಿಗೆ ಹೋಗಬೇಡಿ. ಏರಲ್ಲಿ ಒತ್ತಡ ತುಂಬಾ ಹೊತ್ತು ನಿಲ್ಲುತ್ತೆ, ಬಿಸಿ ಗಾಳಿ ಬೇರೆ. ಎಣ್ಣೆ ತಾಗಿದ ರಬ್ಬರು ಮೆತ್ತಗಾಗಿ ಜಾರುತ್ತೆ. ಸೋರೋ ಪೈಪಲ್ಲಿ ಓಡಿಸಿದ್ರೆ ಆ ಒತ್ತಡ ತುಂಬ್ಸೋಕೆ ಟರ್ಬೊ ಸುಮ್ನೆ ಜಾಸ್ತಿ ತಿರುಗುತ್ತೆ.

ದಾವಣಗೆರೆ_ಡೀಸೆಲ್
ನಿನ್ನೆ ಚಿತ್ರದುರ್ಗದಾಗ ಮದುವಿ ಇತ್ತು. ಊಟ ಆದ ಮ್ಯಾಲೆ ಜೋಗಿಮಟ್ಟಿ ಕಡಿ ಗಾಡಿ ತಿರುಗಿಸಿದೆ, ನಮ್ಮೂರಾಗ ಪರೀಕ್ಷೆ ಮಾಡಾಕ ಗುಡ್ಡ ಎಲ್ಲಿ ಐತಿ? ಅರ್ಧ ದಾರಿ ತನಕ ಎರಡನೇ ಗೇರಿನಾಗ ಸರಾಗ ಹೋತು. ಆಮೇಲೆ ಮುಂದಿನಿಂದ "ಪಟ್" ಅಂತು, ಹಿಂದ ಕಪ್ಪು ಹೊಗಿ, ಗಾಡಿ ಆಗುಂಬೆಯಾಗ ಆದಂಗೇ ಕೂತ್ಕಂತು. ಸ್ಕ್ಯಾನರ್‌ನಾಗ ಮತ್ತ ಪಿ0299. ಅಲ್ಲಿಂದ ಇಳಿಸ್ಕೊಂಡು ಹೈವೇ ಹಿಡಿದು ನಿಧಾನಕ್ಕ ಊರಿಗೆ ಬಂದೆ.

ತುಂಗಾತೀರ
ಟ್ಯೂಬ್ ಹಾರಿತಲ್ಲ, ಇನ್ನು ಅನುಮಾನ ಯಾರಿಗೂ ಬೇಡ.

ಪಿಬಿರೋಡ್_ಕಿಂಗ್
ಜೋಗಿಮಟ್ಟಿಗೆ ನನ್ನ ಗಾಡಿ ತಗೊಂಡು ಬರ್ಬೇಕಿತ್ತು, ಟಾಪ್ ತನಕ ಕರ್ಕೊಂಡು ಹೋಗ್ತಿದ್ದೆ.

ಹರಿಹರ_ಹಳೇಗಾಡಿ
ಒಂದು ಮಾತು. ಏರಿನಲ್ಲಿ ಬರೋ ಗಾಡಿಗೆ ಇಳಿಯೋನು ದಾರಿ ಬಿಡಬೇಕು ಅನ್ನೋದು ರಸ್ತೆ ನಿಯಮದಲ್ಲೇ ಇದೆ. ಈಗಿನ ಹುಡುಗರು ಮೇಲಿಂದ ಲೈಟ್ ಹೊಡ್ಕೊಂಡು ನುಗ್ತಾರೆ, ಹತ್ತೋನು ತಿರುವಿನಲ್ಲಿ ನಿಲ್ಲಿಸಿದ್ರೆ ಯಾವ ಗಾಡಿಯಾದ್ರೂ ಎತ್ತೋದು ಕಷ್ಟ.

ತುಂಗಾತೀರ
ಇದೊಂದು ಮಾತಿಗೆ ಹಳೇಗಾಡಿಯವರಿಗೆ ನೂರು ಮಾರ್ಕ್ಸ್.

ದುರ್ಗದ_ಗಾಳಿ
ಹೋಸ್ ಬಂದಾಗ ಕ್ಲಾಂಪೂ ಹೊಸದೇ ಹಾಕ್ಸಿ, ಹಳೇ ತಗಡು ಕ್ಲಾಂಪಿನ ಅಂಚೇ ಹೋಸನ್ನ ಕೊಯ್ಯೋದು. ಒಳಗೆ ಎಣ್ಣೆ ಒರೆಸಿ ಕೂರಿಸ್ಲಿ, ಇಲ್ಲಾಂದ್ರೆ ಮತ್ತೆ ಜಾರುತ್ತೆ. ಆಮೇಲೆ ಕೋಡ್ ಅಳಿಸಿ, ಐದು ಜನ ಕೂತು ಒಂದ್ಸಲ ಜೋಗಿಮಟ್ಟಿ ಹತ್ತಿ ರೀಡಿಂಗ್ ಹಾಕಿ.

ದಾವಣಗೆರೆ_ಡೀಸೆಲ್
ಹೋಸು ಸೋಮವಾರ ಬರ್ತದಂತ. ನಿಂತು ಹಾಕಿಸ್ತೀನಿ.

ಹೊಸದುರ್ಗ_ಆಟೋಮ್ಯಾಟಿಕ್
ಅಣ್ಣಾ ನಂದೂ ಸೇಮ್ ಪ್ರಾಬ್ಲಂ. ಬಾಬಾಬುಡನ್‌ಗಿರಿ ಹತ್ತುವಾಗ ಎಳೀಲಿಲ್ಲ. ನಾನೂ ಸ್ಕ್ಯಾನರ್ ತಗೊಳ್ಲಾ, ಹೋಸ್ ಬದಲಾಯ್ಸಲಾ?

ದುರ್ಗದ_ಗಾಳಿ
ನಿಮ್ಮದು ಪೆಟ್ರೋಲಾ ಡೀಸೆಲ್ಲಾ? ಟರ್ಬೊ ಇದೆಯಾ?

ಹೊಸದುರ್ಗ_ಆಟೋಮ್ಯಾಟಿಕ್
ಬಿಳಿ ಬಣ್ಣದ್ದು ಅಣ್ಣ, ಟಾಪ್ ಮಾಡೆಲ್.

ಪಿಬಿರೋಡ್_ಕಿಂಗ್
ಕ್ಲಚ್ ಪ್ಲೇಟ್.